ಪರದೆ ಬಂದರೆ ಸಾಲದು, ಆಧಾರ ಓದಲು ಕಲಿಸಬೇಕು

ಹಲವು ಸರ್ಕಾರಿ ಪ್ರೌಢಶಾಲೆಗಳಿಗೆ ಪ್ರೊಜೆಕ್ಟರ್ ಬಂದಿದೆ, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, 2017ರಲ್ಲಿ ಆರಂಭವಾದ ದೀಕ್ಷಾ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಕನ್ನಡದ ಪಾಠಗಳೂ ಸಿಗುತ್ತವೆ. ಹಾಗಿದ್ದರೂ ಇಸವಿ, ರಾಜರ ಹೆಸರು, ಯುದ್ಧಗಳನ್ನು ಬಾಯಿಪಾಠ ಮಾಡಿಸುವ ಜಾಡನ್ನು ಇತಿಹಾಸದ ತರಗತಿ ಇನ್ನೂ ಬಿಟ್ಟಿಲ್ಲ. ಆ್ಯಪ್ ತೆರೆಯುವುದು, ವಿಡಿಯೊ ಹಚ್ಚುವುದು ಕಲಿಸಿ ತರಬೇತಿ ಮುಗಿಸಿದರೆ ಪುಸ್ತಕದಲ್ಲಿದ್ದ ಮಾತೇ ಪರದೆಯ ಮೇಲೆ ಬರುತ್ತದೆ. ಬೀದರ್, ಭಾಲ್ಕಿ, ಔರಾದ್‌ನ ಇತಿಹಾಸ ಶಿಕ್ಷಕರಿಗೆ ಡಿಜಿಟಲ್ ರೂಪದಲ್ಲಿ ಸಿಗುವ ಮೂಲ ಆಧಾರಗಳನ್ನು ಹುಡುಕಿ, ತಾಳೆ ನೋಡಿ, ಮಕ್ಕಳ ಮುಂದಿಡುವ ತರಬೇತಿ ಬೇಕು.

ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗಾವಾನ್ ಬೀದರ್ ನಗರದ ನಡುವೆಯೇ ಕಟ್ಟಿಸಿದ ಮದರಸಾ ಇದಕ್ಕೆ ಒಳ್ಳೆಯ ಉದಾಹರಣೆ. 1472ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಒಂದು ಪಾಲು 17ನೇ ಶತಮಾನದ ಕೊನೆಯಲ್ಲಿ ಕುಸಿಯಿತು. ಮದ್ದಿನ ಸ್ಫೋಟ ಕಾರಣ ಎನ್ನುವವರಿದ್ದಾರೆ, ಸಿಡಿಲು ಎನ್ನುವವರೂ ಇದ್ದಾರೆ. ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಕುರಿತ ಗ್ರಂಥದ ನಕ್ಷೆ, ಛಾಯಾಚಿತ್ರಗಳು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗಾವಾನನ ಕಾಲದಲ್ಲೇ ಬೀದರ್‌ಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್, ಸರದಾರರ ವೈಭವದ ಜೊತೆಗೆ ಹಳ್ಳಿಗರ ಬಡತನವನ್ನೂ ದಾಖಲಿಸಿದ. 1481ರಲ್ಲಿ ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ ಗಾವಾನನನ್ನು ಕೊಲ್ಲಿಸಿದ ಕಥೆಯನ್ನು ವಿವರವಾಗಿ ಬರೆದ ಇತಿಹಾಸಕಾರ ಫರಿಷ್ತಾ ಬದುಕಿದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, ಬಿಜಾಪುರದ ಆಸ್ಥಾನದಲ್ಲಿ. ಕಣ್ಣಾರೆ ಕಂಡವನು ಯಾರು, ಕೇಳಿ ಬರೆದವನು ಯಾರು, ಯಾರ ಮಾತನ್ನು ಎಷ್ಟು ನಂಬಬೇಕು ಎಂದು ಒಂಬತ್ತನೇ ತರಗತಿಯ ಮಕ್ಕಳು ಚರ್ಚಿಸಿದರೆ ಅದೇ ನಿಜವಾದ ಇತಿಹಾಸ ಪಾಠ. ದೂರದ ಇತಿಹಾಸವನ್ನು ಕಲಿಸುವಾಗಲೂ ಇದೇ ಕ್ರಮ ನಡೆಯುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಶಿಕ್ಷಕರಿಗಾಗಿ ನಡೆಸುವ ಜಾಲತಾಣದಲ್ಲಿ, ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ 1793ರಲ್ಲಿ ಬ್ರಿಟನ್ನಿನ ದೊರೆಗೆ ಬರೆದ ಪತ್ರವನ್ನೇ ಮಕ್ಕಳ ಓದಿಗೆ ಇಡಲಾಗಿದೆ.

ಭಾಲ್ಕಿ, ಔರಾದ್‌ಗಳಿಗೆ ಇನ್ನೊಂದು ಬಗೆಯ ಸಾಮಗ್ರಿ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಇಂದಿನ ಮಹಾರಾಷ್ಟ್ರದ ಕಡೆಗೆ ಹೋದವು, ಔರಾದ್ ಗಡಿ ತಾಲ್ಲೂಕಾಗಿ ಇಂದಿನ ಕರ್ನಾಟಕದ ಕಡೆ ಉಳಿಯಿತು. ಹಳೆಯ ನಕ್ಷೆಯನ್ನೂ ಇಂದಿನ ಉಪಗ್ರಹ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ, ಮನೆಯಲ್ಲಿ ಮರಾಠಿ, ಉರ್ದು, ಕನ್ನಡ ಆಡುವ ಮಕ್ಕಳಿಗೆ ತಮ್ಮ ಊರು ಹೀಗೇಕಿದೆ ಎಂಬುದು ತಿಳಿಯುತ್ತದೆ. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಸಾಹಸವೂ ಆಗ ಬರಿಯ ಹೊಗಳಿಕೆಯಾಗಿ ಉಳಿಯದೆ, ಒಂದು ಕಾಲದ ಭಾಷಾ ನೀತಿಗೆ ಸಾಕ್ಷಿಯಾಗುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ವರ್ಷಕ್ಕೆ ಇಂಥ ನಾಲ್ಕು ಪಾಠ ಮಾಡಿದರೂ ಸಾಕು. ಕಾರಣ ತಿಳಿದು ಕಲಿತದ್ದು ಪರೀಕ್ಷೆಯಲ್ಲೂ ನೆನಪಿಗೆ ಬರುತ್ತದೆ. ಗಡಿ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲವೆಂಬ ತೊಡಕಿಗೆ, ಸಾಮಗ್ರಿಯನ್ನು ಮೊದಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಕೊಡುವುದೇ ಪರಿಹಾರ. ಸುಲ್ತಾನರ ಇತಿಹಾಸ ಜಗಳಕ್ಕೆ ದಾರಿ ಮಾಡುತ್ತದೆಂಬ ಅಂಜಿಕೆಯೂ ಕೆಲವರಿಗಿದೆ. ಆದರೆ ಆಧಾರವಿಲ್ಲದ ವಾಟ್ಸ್‌ಆ್ಯಪ್ ಸಂದೇಶಗಳು ಮಕ್ಕಳನ್ನು ಈಗಾಗಲೇ ತಲುಪುತ್ತಿವೆ. ಶಿಕ್ಷಕ ಮೌನವಾಗಿದ್ದರೆ ಅವೇ ಪಾಠವಾಗುತ್ತವೆ.

ಬೀದರ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಈ ಮೂರೂ ತಾಲ್ಲೂಕುಗಳ ಶಿಕ್ಷಕರ ಸಣ್ಣ ತಂಡಗಳನ್ನು ಕಟ್ಟಿ, ಫಾರಸಿ, ಉರ್ದು ಬಲ್ಲವರ ನೆರವಿನಿಂದ ಆಯ್ದ ದಾಖಲೆಗಳನ್ನು ಕನ್ನಡಕ್ಕೆ ತರಿಸಲಿ. ಪ್ರತಿ ಶಿಕ್ಷಕರೂ ತಮ್ಮ ಊರಿನ ಬಗ್ಗೆ ಒಂದು ಪಾಠ ಸಿದ್ಧಪಡಿಸಿ, ತರಗತಿಯಲ್ಲಿ ಮಾಡಿ, ಮರಳಿ ಬಂದು ಚರ್ಚಿಸಿದಾಗಲೇ ತರಬೇತಿ ಮುಗಿಯಿತೆಂದು ಲೆಕ್ಕ ಹಾಕಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಕೊಡುವ ಹಣದ ಒಂದು ಸಣ್ಣ ಪಾಲನ್ನು ಈ ಕೆಲಸಕ್ಕೂ ಕೊಡಬೇಕು.