ಹಿತ್ತಲಿನ ಅತಿಥಿಗಳು

ಕಾಗೆಗೆ ಒಂದು ತುತ್ತು ಅನ್ನವಿಟ್ಟು ಅನಂತರ ತಾನುಣ್ಣುವುದೂ, ಅಕ್ಕಿಯ ಹಿಟ್ಟಿನಿಂದ ರಂಗವಲ್ಲಿಯನ್ನಿಟ್ಟು ಇರುವೆಗೂ ಅಷ್ಟು ಆಹಾರವೀಯುವುದೂ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಗೃಹಸ್ಥನು ನಿತ್ಯವೂ ಮಾಡತಕ್ಕ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದಷ್ಟೆ. ಆದರೆ ಉಣಿಸಬೇಕೆಂಬ ಮನಸ್ಸು ಎಷ್ಟು ಮುಖ್ಯವೋ, ಯಾವ ಪ್ರಾಣಿಗೆ ಯಾವುದು ಆಹಾರವೆಂಬ ತಿಳಿವಳಿಕೆಯೂ ಅಷ್ಟೇ ಮುಖ್ಯ. ಅದಿಲ್ಲದೆ ಮಾಡಿದ ಉಪಚಾರವು ಅತಿಥಿಗೆ ಅಪಚಾರವಾಗುವುದುಂಟು. ಆದಕಾರಣ ಈ ತಿಂಗಳು ಹಿತ್ತಲಿಗೆ ಬರುವ ಹಕ್ಕಿಗಳ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಹಕ್ಕಿಯ ಆಹಾರವೆಂದೊಡನೆ ನಮಗೆ ತೋರುವುದು ಕಾಳು. ಗುಬ್ಬಚ್ಚಿಯು ಕಾಳು ತಿನ್ನುತ್ತದೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅದೇ ಗುಬ್ಬಚ್ಚಿಯು ಗೂಡಿನಲ್ಲಿರುವ ತನ್ನ ಎಳೆಯ ಮರಿಗಳಿಗೆ ಮುಖ್ಯವಾಗಿ ಹುಳುಗಳನ್ನೇ ತಂದು ತಿನ್ನಿಸುತ್ತದೆ. ದಾಸವಾಳದ ಮಕರಂದವನ್ನು ಹೀರುವ ಸೂರಕ್ಕಿಯೂ, ಹಣ್ಣು ತಿನ್ನುವ ಪಿಕಳಾರವೂ ಹೀಗೆಯೇ ಮರಿಗಳಿಗೋಸ್ಕರ ಹುಳು, ಜೇಡ ಮುಂತಾದುವನ್ನು ಅರಸುತ್ತವೆ. ಗುಬ್ಬಚ್ಚಿಯ ಮರಿಯು ಸುಮಾರು ೨ ವಾರಗಳಲ್ಲಿ ಮೈತುಂಬಿ, ರೆಕ್ಕೆ ಬಲಿತು ಗೂಡು ಬಿಡಬೇಕು. ಅಂಥ ಬೆಳವಣಿಗೆಗೆ ಬರಿಯ ಕಾಳಿನ ಸತ್ತ್ವವು ಸಾಲದು. ಹೀಗಿರುವಲ್ಲಿ ಅಂಗಳದ ತಟ್ಟೆಯಲ್ಲಿ ನವಣೆಯನ್ನು ತುಂಬಿಸಿ, ಹಿತ್ತಲಿನ ಗಿಡಗಳಿಗೆಲ್ಲ ಕೀಟನಾಶಕವನ್ನು ಸಿಂಪಡಿಸಿದರೆ ಫಲವೇನು? ತಾಯಿಯ ಹೊಟ್ಟೆ ತುಂಬುತ್ತದೆ. ಗೂಡಿನಲ್ಲಿ ಬಾಯಿ ತೆರೆದು ಕುಳಿತ ಮರಿಯು ಹಸಿವಿನಿಂದ ಸಾಯುತ್ತದೆ.

ಆದ್ದರಿಂದ ಹಕ್ಕಿಗಳು ಬರಲೆಂದು ಬಯಸುವವರು ಮೊದಲು ತೊರೆಯಬೇಕಾದುದು ವಿಷದ ಸೀಸೆಯನ್ನು. ಕರಿಬೇವಿನ ಎಲೆಯನ್ನೋ ನಿಂಬೆಯ ಚಿಗುರನ್ನೋ ಹುಳು ತಿನ್ನುತ್ತಿರುವುದನ್ನು ಕಂಡು ಗೃಹಿಣಿಯರು ಗಾಬರಿಗೊಳ್ಳುವುದು ಸಹಜ. ಆದರೆ ಅನೇಕ ವೇಳೆ ಅದು ಚಿಟ್ಟೆಯ ಮರಿಯೇ ಆಗಿರುತ್ತದೆ. ನಾಲ್ಕು ಎಲೆ ಹೋದ ಮಾತ್ರಕ್ಕೆ ಬಲಿತ ಗಿಡವು ಸಾಯದು, ಮತ್ತೆ ಚಿಗುರುತ್ತದೆ. ಹಕ್ಕಿಗೆ ಸಿಕ್ಕಿದ ಹುಳು ಮರಿಗೆ ತುತ್ತಾಗುತ್ತದೆ. ಉಳಿದದ್ದು ಚಿಟ್ಟೆಯಾಗಿ ಹಾರುತ್ತದೆ. ಹಾವಳಿಯು ಮಿತಿಮೀರಿದರೆ ಕೈಯಿಂದ ಆರಿಸಿ ತೆಗೆಯುವುದು.

ಎರಡನೆಯದಾಗಿ ಗಿಡಗಳ ಆಯ್ಕೆ. ಸೂರಕ್ಕಿಗೆ ದಾಸವಾಳ, ಪಿಕಳಾರಕ್ಕೂ ಅಳಿಲಿಗೂ ಸೀಬೆ ಸಾಕು. ಸ್ಥಳವು ವಿಶಾಲವಾಗಿದ್ದರೆ ಅತ್ತಿ, ನೇರಳೆಗಳನ್ನು ಬೆಳೆಸಬಹುದು. ಕುಟ್ರುಹಕ್ಕಿ, ಕೋಗಿಲೆಗಳು ತಾವಾಗಿಯೇ ಬರುತ್ತವೆ. ಅಗಲವಾದ ಎಲೆಯ ಗಿಡವೊಂದಿದ್ದರೆ ಸಿಂಪಿಗ ಹಕ್ಕಿಯು ಎಲೆಯ ಅಂಚುಗಳನ್ನು ಹೊಲಿದು ಗೂಡು ಮಾಡುವುದನ್ನು ಮಕ್ಕಳಿಗೆ ದೂರದಿಂದ ತೋರಿಸಬಹುದು. ಹಿತ್ತಲಿನ ಒಂದು ಮೂಲೆಯ ತರಗೆಲೆಯನ್ನು ಗುಡಿಸದೆ, ಸುಡದೆ ಬಿಡತಕ್ಕದ್ದು. ಅದರಡಿಯ ಹುಳುಗಳಿಗಾಗಿ ಹರಟೆಮಲ್ಲಗಳೂ ಮಡಿವಾಳ ಹಕ್ಕಿಯೂ ಬರುತ್ತವೆ. ಎಲೆಯು ಕೊಳೆತು ಗೊಬ್ಬರವಾಗುವ ಲಾಭವು ಬೇರೆ.

ಮೂರನೆಯದು ನೀರು. ಬೇಸಗೆಯಲ್ಲಿ ಕಾಳಿಗಿಂತಲೂ ಇದೇ ಹೆಚ್ಚಿನ ದಾನ. ೨ ಅಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿಟ್ಟು, ನಡುವೆ ಒಂದು ಒರಟು ಕಲ್ಲನ್ನಿಡುವುದು. ಬೆಕ್ಕು ಅಡಗಿ ಕುಳಿತು ಮೇಲೆ ಬೀಳದಂತೆ ತಟ್ಟೆಯು ಪೊದೆಯಿಂದ ೫–೬ ಅಡಿ ದೂರವಿರಲಿ. ನೀರನ್ನು ಪ್ರತಿದಿನವೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದು ಹೊಸ ನೀರು ತುಂಬತಕ್ಕದ್ದು. ಇಲ್ಲವಾದರೆ ಹಕ್ಕಿಗೆ ರೋಗ, ಮನೆಯವರಿಗೆ ಸೊಳ್ಳೆ.

ಹಾಗಾದರೆ ಕಾಳನ್ನು ಇಡಲೇಬಾರದೆ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಇಡಬಹುದು, ಮಿತಿಯೊಂದಿರಬೇಕು. ನವಣೆ, ಸಾಮೆ, ನುಚ್ಚಕ್ಕಿ ಒಳ್ಳೆಯವು. ಉಪ್ಪು ಖಾರ ಬೆರೆತ ತಿಂಡಿಯೂ, ಬೂಷ್ಟು ಹಿಡಿದ ಧಾನ್ಯವೂ ಕೂಡದು. ಸಂಜೆಯೊಳಗೆ ಮುಗಿಯುವಷ್ಟನ್ನೇ ಇಡುವುದು. ಮಿಕ್ಕ ಕಾಳಿಗೆ ಇಲಿ ಬರುತ್ತದೆ. ಇಲಿಯನ್ನು ಅರಸಿ ಹಾವು ಬರುತ್ತದೆ. ಪಟ್ಟಣಗಳಲ್ಲಿ ಹೇರಳವಾಗಿ ಚೆಲ್ಲಿದ ಕಾಳಿನಿಂದ ಪಾರಿವಾಳಗಳೇ ಅತಿಯಾಗಿ ಹೆಚ್ಚುತ್ತವೆ. ಅವುಗಳ ಹಿಕ್ಕೆಯ ಧೂಳು ಶ್ವಾಸಕೋಶದ ವ್ಯಾಧಿಗೆ ಕಾರಣವಾಗುವುದುಂಟು.

ಗೂಡಿನ ಮಾತೊಂದು ಉಳಿಯಿತು. ಹಿಂದಿನ ಹೆಂಚಿನ ಮನೆಗಳ ಸೂರಿನ ಸಂದುಗಳಲ್ಲಿ ಗುಬ್ಬಚ್ಚಿಯು ಸಂಸಾರ ಹೂಡುತ್ತಿತ್ತು. ಈಗಿನ ಕಾಂಕ್ರೀಟಿನ ಮನೆಗಳಲ್ಲಿ ಆ ಸಂದಿಲ್ಲ. ಸುಮಾರು ಒಂದೂಕಾಲು ಅಂಗುಲದ ರಂಧ್ರವುಳ್ಳ ಮರದ ಪೆಟ್ಟಿಗೆಯನ್ನು ಬಿಸಿಲು ಮಳೆ ತಾಗದ ಗೋಡೆಗೆ ಎತ್ತರದಲ್ಲಿ ತೂಗುಹಾಕಿದರೆ ಆ ಕೊರತೆಯು ನೀಗಬಹುದು. ಹಿತ್ತಲಿಲ್ಲದವರು ಮಹಡಿಯ ಮೇಲೆ ದಾಸವಾಳದ ಕುಂಡವೊಂದನ್ನೂ ನೀರಿನ ತಟ್ಟೆಯೊಂದನ್ನೂ ಇಟ್ಟರೆ ಸಾಕು. ಆದರೆ ಪ್ರೀತಿಯ ನೆಪದಿಂದ ಹಕ್ಕಿಯನ್ನು ಹಿಡಿದಿಡಕೂಡದು. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿ ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ.

ಇದೆಲ್ಲ ಸಾಮಾನ್ಯ ಸಂಸಾರಿಗಳಿಂದ ಆಗದ ಕೆಲಸವೆಂದು ಭಾವಿಸಬೇಕಾದುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟಿ ಮರಿಮಾಡುತ್ತವೆ. ಅವುಗಳ ಬರವು ಊರಿಗೆ ಶುಭವೆಂಬುದು ಅಲ್ಲಿನವರ ನಂಬಿಕೆ. ಹಿಕ್ಕೆಯು ಹೊಲಕ್ಕೆ ಗೊಬ್ಬರ. ೨೦೦೭ರಲ್ಲಿ ಸರ್ಕಾರವು ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅದಕ್ಕೆ ಬಹುಕಾಲ ಮುಂಚಿನಿಂದಲೇ ಅಲ್ಲಿನ ಗೃಹಸ್ಥರು ಆ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದರು. ಅವರು ಹಕ್ಕಿಗಳಿಗೆ ತಟ್ಟೆಯಿಟ್ಟು ಉಣಿಸಿದವರಲ್ಲ. ಮರವನ್ನು ಕಡಿಯದೆ, ಗೂಡನ್ನು ಕೆಡಿಸದೆ ಇದ್ದವರು. ನಮ್ಮ ಹಿತ್ತಲುಗಳಲ್ಲಿಯೂ ಮಾಡಬೇಕಾದುದು ಹೆಚ್ಚುಕಡಿಮೆ ಅಷ್ಟೆ.