ರಿಗ್ ಕೆಲಸ: ಸಂಬಳ ಕೇಳುವ ಮೊದಲು ಧಣಿ ಯಾರೆಂದು ಕೇಳಿ

ಬಸವನಗುಡಿಯಲ್ಲಿ ಬೇಸಿಗೆ ಬಂದರೆ ಬೋರ್‌ವೆಲ್ ಲಾರಿಯೂ ಬಂತೆಂದೇ ಲೆಕ್ಕ. ಯಾರದೋ ಮನೆ ಮುಂದೆ ಕಬ್ಬಿಣದ ಗೋಪುರ ಎದ್ದು ನಿಂತು ಕೊರೆಯಲು ಶುರುಮಾಡಿದರೆ ಇಡೀ ಬೀದಿಗೆ ನಿದ್ದೆಯಿಲ್ಲ. ಮೊನ್ನೆ ಅಂಥದ್ದೊಂದು ಲಾರಿಯ ಪಕ್ಕ ನಿಂತಿದ್ದಾಗ, ಗಾಂಧಿ ಬಜಾರಿನ ಹತ್ತಿರ ಅಂಗಡಿ ಕೆಲಸಕ್ಕಿರುವ ನಮ್ಮ ಬಂಟ್ವಾಳ ಕಡೆಯ ಹುಡುಗನೊಬ್ಬ ಮೊಬೈಲ್ ತೋರಿಸಿ ಕೇಳಿದ: "ಉಸ್ತಾದ್, ಸೌದಿಯಲ್ಲಿ ಆಯಿಲ್ ರಿಗ್ ಕೆಲಸ ಉಂಟಂತೆ. ಏಜೆಂಟ್ ಒಂದೂವರೆ ಲಕ್ಷ ಕೇಳ್ತಾನೆ. ಉಮ್ಮ ಬಂಗಾರ ಅಡವಿಡ್ತೇನೆ ಅಂತ ಹೇಳ್ತಾರೆ. ಹೋಗುದಾ, ಬೇಡ್ವಾ?"

ಗಲ್ಫ್ ಸಂಪಾದನೆಯಿಂದಲೇ ಮನೆ ಕಟ್ಟಿದ, ತಂಗಿಯರ ಮದುವೆ ಮಾಡಿದ ಸಮುದಾಯ ನಮ್ಮದು. ಹೋಗಬೇಡ ಎನ್ನಲು ನಾವು ಯಾರು? ಆದರೆ ಬಂಗಾರ ಅಡವಿಡುವ ಮೊದಲು ಆ ಕೆಲಸ ಏನು, ಅದರ ಧಣಿ ಯಾರು ಎಂಬುದಾದರೂ ಗೊತ್ತಿರಬೇಕಲ್ಲ.

ಆಯಿಲ್ ರಿಗ್ ಎಂದರೆ ಬೋರ್‌ವೆಲ್ ಲಾರಿಯ ದೊಡ್ಡಣ್ಣ. ಬೋರ್‌ವೆಲ್ ಅಡಿಗಳ ಲೆಕ್ಕದಲ್ಲಿ ಇಳಿದರೆ ಎಣ್ಣೆಬಾವಿ ಕಿಲೋಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ. ಸುಮಾರು 30 ಅಡಿಯ ಪೈಪುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸುತ್ತ ಹೋಗಬೇಕು. ಪೈಪಿನೊಳಗೆ 'ಮಡ್' ಎಂಬ ಭಾರವಾದ ಕೆಸರನ್ನು ಪಂಪ್ ಮಾಡುತ್ತಾರೆ. ಅದು ಕೊರೆಯುವ ಬಿಟ್ಟನ್ನು ತಂಪು ಮಾಡುತ್ತದೆ, ಕಲ್ಲಿನ ಪುಡಿಯನ್ನು ಮೇಲೆ ತರುತ್ತದೆ, ಒಳಗಿನ ಗ್ಯಾಸ್ ಮೇಲೆ ನುಗ್ಗದಂತೆ ತಡೆಯುತ್ತದೆ. ಇದು ಸೋತರೆ ಬಾವಿಯ ಬಾಯಿ ಮುಚ್ಚಲು 'ಬಿಒಪಿ' ಎಂಬ ದೈತ್ಯ ವಾಲ್ವ್ ಇರುತ್ತದೆ. 2010ರ ಏಪ್ರಿಲ್ 20ರಂದು ಅಮೆರಿಕದ ಬಳಿ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ಗ್ಯಾಸ್ ನುಗ್ಗಿ ಬಂದಾಗ ಆ ವಾಲ್ವ್ ಬಾವಿಯನ್ನು ಮುಚ್ಚಲಿಲ್ಲ. 11 ಮಂದಿ ಸತ್ತರು.

ರಿಗ್‌ನಲ್ಲಿ ದಿನಕ್ಕೆ 12 ಗಂಟೆ ಪಾಳಿ, ಹಗಲೂ ಇದೆ, ರಾತ್ರಿಯೂ ಇದೆ. ಸಮುದ್ರದ ರಿಗ್ ಆದರೆ 14 ದಿನ ಅಥವಾ 28 ದಿನ ಅಲ್ಲೇ, ಆಮೇಲೆ ಅಷ್ಟೇ ದಿನ ರಜೆ ಎಂಬ ಪದ್ಧತಿ ಹಲವು ಕಂಪೆನಿಗಳಲ್ಲಿದೆ. ಹೊಸಬ ಸೇರುವುದು ರೂಸ್ಟಬೌಟ್ ಆಗಿ, ಅಂದರೆ ಸಾಮಾನು ಎತ್ತುವ, ಡೆಕ್ ತೊಳೆಯುವ ಕೆಲಸಕ್ಕೆ. ಅಲ್ಲಿಂದ ಫ್ಲೋರ್‌ಮ್ಯಾನ್, ಡೆರಿಕ್‌ಮ್ಯಾನ್ ಆಗಿ ಡ್ರಿಲ್ಲರ್ ಆಗುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ಜನ ಹೇಳುವ ದೊಡ್ಡ ಸಂಬಳ ಆ ಮೇಲಿನ ಮೆಟ್ಟಿಲಿನದು. ವಾಟ್ಸ್‌ಆ್ಯಪ್ ಜಾಹೀರಾತು ಇದನ್ನು ಹೇಳುವುದಿಲ್ಲ.

ಇನ್ನು ಧಣಿಯ ಮಾತು. ಎಣ್ಣೆ ಒಬ್ಬರದು, ರಿಗ್ ಇನ್ನೊಬ್ಬರದು, ಕೆಲಸಗಾರನನ್ನು ಕೊಡುವ ಗುತ್ತಿಗೆದಾರ ಮತ್ತೊಬ್ಬ. ಎಲ್ಲ ಸರಿಯಿದ್ದಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 2024ರ ಜನವರಿ 30ರಂದು ಸೌದಿ ಅರಾಮ್ಕೊ ಒಂದು ಪ್ರಕಟಣೆ ಹೊರಡಿಸಿತು: ದಿನಕ್ಕೆ 1.3 ಕೋಟಿ ಬ್ಯಾರೆಲ್ ಉತ್ಪಾದನಾ ಸಾಮರ್ಥ್ಯದ ಗುರಿ ಕೈಬಿಟ್ಟು 1.2 ಕೋಟಿಯಲ್ಲೇ ನಿಲ್ಲುತ್ತೇವೆ ಎಂದು. ಮುಂದಿನ ತಿಂಗಳುಗಳಲ್ಲಿ ಸಮುದ್ರದ 20ಕ್ಕೂ ಹೆಚ್ಚು ರಿಗ್‌ಗಳ ಗುತ್ತಿಗೆ ಅಮಾನತಾಯಿತು. ಬಾಗಿಲಲ್ಲಿ ಒಂದು ಸಾಲಿನ ನಿರ್ಧಾರ, ಡೆಕ್ ಮೇಲೆ ಇದ್ದವನ ಕೈಯಲ್ಲಿ ಖಾಲಿ ಚೀಲ. ಅಂಥ ಹೊತ್ತಲ್ಲಿ ಸಂಬಳ ಕೊಡುವವರು ಯಾರು, ಟಿಕೆಟ್ ಕೊಡುವವರು ಯಾರು? ಅದನ್ನು ಹೇಳುವುದು ಕರಾರುಪತ್ರ ಒಂದೇ.

ಪ್ರಾಣದ ವಿಷಯದಲ್ಲೂ ಇದೇ ಕಥೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನಾವು ಕರಾವಳಿಯವರು ಮರೆತಿಲ್ಲ. ಎಂಆರ್‌ಪಿಎಲ್‌ನ ಸಮುದ್ರದ ಕೆಲಸಕ್ಕಿದ್ದ ಅಲಯನ್ಸ್ ಎಂಬ ಟಗ್ ಮಗುಚಿ ಪಡುಬಿದ್ರಿ ಬಳಿ ದಡಕ್ಕೆ ಬಂತು, ಜೀವಗಳು ಹೋದವು. ಕೋರಮಂಡಲ್ ಸಪೋರ್ಟರ್ ಎಂಬ ಇನ್ನೊಂದು ಟಗ್ ಕಾಪು ಬಳಿ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಜನರನ್ನು ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್‌ನವರು ಉಳಿಸಿದರು. ಅದೇ ದಿನ ಮುಂಬೈ ಹೊರಗಿನ ಎಣ್ಣೆ ಕ್ಷೇತ್ರದಲ್ಲಿ ಪಿ-305 ಬಾರ್ಜ್ ಮುಳುಗಿತು. ಅದು ಸಮುದ್ರದ ಕೆಲಸಗಾರರು ಉಂಡು ಮಲಗುವ ತೇಲುವ ಮನೆ. ಇದ್ದವರು 261, ಬದುಕಿದವರು 186. ಚಂಡಮಾರುತದ ಮುನ್ಸೂಚನೆ ಮೊದಲೇ ಇತ್ತು. ಆದರೆ ಬಾರ್ಜ್ ಬಂದರಿಗೆ ಬರಬೇಕೋ ಬೇಡವೋ ಎಂದು ನಿರ್ಧರಿಸುವ ಅಧಿಕಾರ ಒಳಗೆ ಮಲಗಿದ್ದ ವೆಲ್ಡರ್‌ಗೆ, ಫಿಟ್ಟರ್‌ಗೆ ಇರಲಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಮೂರು ವಿಷಯ ಇದೆ.

ಒಂದು, ಏಜೆಂಟ್. ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಇದೆಯೇ ನೋಡಿ. ಕಾನೂನಿನ ಪ್ರಕಾರ ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಒಂದೂವರೆ ಲಕ್ಷ ಕೇಳುವವನ ಬಾಯಿಂದ ಮುಂದಿನ ಮಾತು ಕೇಳುವುದೇ ಬೇಡ. ದೂರು ಕೊಡಲು ಬೆಂಗಳೂರಿನಲ್ಲೇ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಇದೆ.

ಎರಡು, ವಿಮೆ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಆ ಕಾಗದದ ಒಂದು ಪ್ರತಿ ಮನೆಯಲ್ಲಿರಲಿ.

ಮೂರು, ತರಬೇತಿ. ಸಮುದ್ರದ ರಿಗ್‌ಗೆ ಹೋಗುವವನು ನೀರಲ್ಲಿ ಮಗುಚಿದ ಹೆಲಿಕಾಪ್ಟರಿನಿಂದ ಹೊರಬರುವುದನ್ನೂ ಕಲಿಯಬೇಕು, ವಿಷಗಾಳಿ ಬಂದರೆ ಮಾಸ್ಕ್ ಹಾಕುವುದನ್ನೂ ಕಲಿಯಬೇಕು. 'ಅಲ್ಲಿ ಹೋದ ಮೇಲೆ ಕಲಿಸ್ತಾರೆ, ಈಗ ಹಣ ಕಟ್ಟಿ' ಅನ್ನುವವನನ್ನು ನಂಬಬೇಡಿ. ಬಂಗಾರ ಅಡವಿಡಲೇಬೇಕು ಅಂತಿದ್ದರೆ ಏಜೆಂಟನ ಕಿಸೆಗೆ ಬೇಡ, ಹುಡುಗನ ಐಟಿಐಗೆ, ವೆಲ್ಡಿಂಗ್‌ಗೆ, ಸುರಕ್ಷತಾ ಕೋರ್ಸಿಗೆ ಇಡಿ. ಒಂದು ರಿಗ್ ನಿಂತರೂ ಕಲಿತ ಕೈಗೆ ಇನ್ನೊಂದು ಕಡೆ ಕೆಲಸ ಉಂಟು.

ಆ ಹುಡುಗನಿಗೆ ನಾವು ಹೇಳಿದ್ದೂ ಇಷ್ಟೇ: "ಏಜೆಂಟನ ನೋಂದಣಿ ನಂಬ್ರ ಮತ್ತು ಕರಾರುಪತ್ರ ತೆಗೆದುಕೊಂಡು ಬಾ, ಕೂತು ಓದುವ." ಅವನು ಕೇಳಿದ. ಏಜೆಂಟ್ ಈವರೆಗೆ ಎರಡನ್ನೂ ಕಳಿಸಿಲ್ಲ. ಉಮ್ಮನ ಬಂಗಾರ ಮನೆಯಲ್ಲೇ ಇದೆ.