ಗೆಳೆಯರ ಉತ್ಸಾಹ, ಪಂಪಿನ ಆಯಸ್ಸು

ನಾಲ್ಕಾರು ಗೆಳೆಯರು ಸೇರಿ ಆಫ್ರಿಕಾದ ಹಳ್ಳಿಗಳಿಗೆ ನೆರವಾಗುವ ಸಂಸ್ಥೆ ಕಟ್ಟುತ್ತೇವೆಂದರೆ, 'ಇಲ್ಲೇ ಬಡವರಿಲ್ಲವೇ' ಎಂಬ ಮಾತು ಮೊದಲು ಬರುತ್ತದೆ. ಆ ಮಾತಿನಲ್ಲಿ ನನಗೆ ಹುರುಳು ಕಾಣುವುದಿಲ್ಲ. ದೂರದವರಿಗೆ ಕೊಟ್ಟರೆ ಹತ್ತಿರದವರ ಪಾಲು ಕರಗಲೇಬೇಕೆಂದೇನೂ ಇಲ್ಲ. ಕೇಳಬೇಕಾದ್ದು ಬೇರೆ: ಗೆಳೆಯರ ಉತ್ಸಾಹ ಇಳಿದ ಮೇಲೆ ಅವರು ಮಾಡಿದ್ದು ಉಳಿಯುತ್ತದೆಯೇ?

ಉತ್ಸಾಹ ಇಳಿಯುವುದು ಅಪರಾಧವಲ್ಲ. ಮದುವೆ, ವರ್ಗಾವಣೆ, ವಯಸ್ಸಾದ ತಂದೆತಾಯಿ ಎಲ್ಲವೂ ಬಿಡುವಿನ ಹೊತ್ತನ್ನು ಕೇಳುತ್ತವೆ. ಆದರೆ ಹಳ್ಳಿಗೆ ನೀರು ದಿನವೂ ಬೇಕು. ನಮ್ಮೂರುಗಳ ಬೋರಿಂಗ್ ಮೇಲೆ ಕೂತಿರುವ ಇಂಡಿಯಾ ಮಾರ್ಕ್-2 ಕೈಪಂಪು ಆಫ್ರಿಕಾದ ಹಲವು ದೇಶಗಳಲ್ಲೂ ಇದೆ. ಅದರ ವಾಷರ್ ಸವೆದರೆ ಕಬ್ಬಿಣದ ಪೈಪು, ರಾಡುಗಳನ್ನೆಲ್ಲ ಮೇಲೆತ್ತಬೇಕು. ವಾಷರ್ ಅಗ್ಗದ್ದೇ, ಆದರೆ ಎತ್ತುವ ಸಲಕರಣೆ, ಕೆಲಸ ಬಲ್ಲ ಕೈ, ಬಿಡಿಭಾಗ ಸಿಗುವ ಅಂಗಡಿ ಇಲ್ಲದಿದ್ದರೆ ಪಂಪು ನಿಂತೇ ಬಿಡುತ್ತದೆ. 2009ರಲ್ಲಿ ಗ್ರಾಮೀಣ ನೀರು ಪೂರೈಕೆಯ ತಜ್ಞರು ಹಾಕಿದ ಅಂದಾಜಿನಂತೆ, ಸಹಾರಾದ ದಕ್ಷಿಣಕ್ಕಿರುವ ದೇಶಗಳ ಕೈಪಂಪುಗಳಲ್ಲಿ ಮೂರನೇ ಒಂದು ಭಾಗ ಕೆಟ್ಟು ನಿಂತಿತ್ತು.

'ಪ್ಲೇಪಂಪ್' ಕಥೆಯನ್ನು ಇಂಥ ಪ್ರತಿಯೊಂದು ಗುಂಪೂ ಓದಬೇಕು. ಮಕ್ಕಳು ಆಡುತ್ತ ತಿರುಗುಚಕ್ರ ಸುತ್ತಿದರೆ ನೀರು ಟ್ಯಾಂಕಿಗೇರುತ್ತದೆ, ಟ್ಯಾಂಕಿನ ಮೇಲಿನ ಜಾಹೀರಾತು ದುರಸ್ತಿಯ ಖರ್ಚು ಭರಿಸುತ್ತದೆ ಎಂಬುದು ಯೋಜನೆ. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ಘೋಷಣೆಯಾಯಿತು. 2010ರೊಳಗೆ 4,000 ಪಂಪು ಹಾಕುವ ಗುರಿಯಿತ್ತು. ಆಫ್ರಿಕಾದ ಊರುಗಳಲ್ಲಿ ಆದದ್ದೇ ಬೇರೆ. ಮಕ್ಕಳಿಗೆ ಆಟ ಬೇಸರವಾದಾಗ ಹೆಂಗಸರು ಆ ಭಾರದ ಚಕ್ರವನ್ನು ಬಾಗಿ ತಳ್ಳಬೇಕಾಯಿತು. ಕೊಳ್ಳುವ ಶಕ್ತಿಯಿಲ್ಲದ ಹಳ್ಳಿಯಲ್ಲಿ ಜಾಹೀರಾತು ಹಾಕುವವರು ಯಾರು? ಕೆಲವೆಡೆ ಚೆನ್ನಾಗಿದ್ದ ಕೈಪಂಪನ್ನೇ ಕಿತ್ತು ಇದನ್ನು ಕೂರಿಸಿದ್ದರು. ಗುರಿ ಮುಟ್ಟುವ ಮೊದಲೇ ಯೋಜನೆ ನಿಂತಿತು. ಮನಸ್ಸು ಒಳ್ಳೆಯದಿತ್ತು, ಹಣವೂ ಇತ್ತು. ನೀರು ಹೊರುವವರನ್ನು ಮೊದಲು ಕೇಳಿರಲಿಲ್ಲ, ಅಷ್ಟೆ.

ಇದಕ್ಕೆ ವ್ಯತಿರಿಕ್ತವಾಗಿ, 1991ರಲ್ಲಿ ನೈಜರ್‌ನ ಮರಾಡಿ ಪ್ರದೇಶದಲ್ಲಿ ಕೇರ್ ಸಂಸ್ಥೆ ಹೆಂಗಸರ ಉಳಿತಾಯ ಗುಂಪುಗಳನ್ನು ಶುರುಮಾಡಿತು. ಹೊರಗಿನ ಬಂಡವಾಳ ಹಾಕಲಿಲ್ಲ. ಲೆಕ್ಕ ಇಡುವ, ಗುಂಪು ನಡೆಸುವ ತರಬೇತಿ ಕೊಟ್ಟಿತು. ತಮ್ಮದೇ ದುಡ್ಡು ಕೂಡಿಟ್ಟು ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಆ ಪದ್ಧತಿ ಖಂಡದ ಬೇರೆ ದೇಶಗಳಿಗೂ ಹಬ್ಬಿತು. ಹಾರ್ವರ್ಡ್, ಎಂಐಟಿಗಳಲ್ಲಿ ಓದುತ್ತಿದ್ದ ಗೆಳೆಯರು ಕಟ್ಟಿದ 'ಗಿವ್‌ಡೈರೆಕ್ಟ್ಲಿ' ಇನ್ನೂ ನೇರ ದಾರಿ ಹಿಡಿಯಿತು: ಕೀನ್ಯಾದ ಬಡ ಕುಟುಂಬಗಳಿಗೆ ಎಂ-ಪೆಸಾ ಮೂಲಕ ಮೊಬೈಲ್‌ಗೇ ಹಣ. ಆ ದುಡ್ಡು ಕುಡಿತಕ್ಕೆ ಹೋಗುತ್ತದೆ ಎಂಬ ಆತಂಕವನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ಸುಳ್ಳಾಗಿಸಿತು. ಹೆಂಡ, ತಂಬಾಕಿನ ಖರ್ಚು ಏರಲಿಲ್ಲ.

ಮನೆಮನೆಗೆ ಹಣ ಕೊಟ್ಟರೆ ಊರಿಗೊಂದು ಬಾವಿ ಆಗುವುದಿಲ್ಲ, ನಿಜ. ಬಾವಿಯ ಕೆಲಸ ಬೇಕೇ ಬೇಕು. ಆದರೆ ಉದ್ಘಾಟನೆಯ ಫೋಟೋಕ್ಕೆ ಸಿಗುವ ದೇಣಿಗೆ ವಾಷರ್‌ಗೆ ಸಿಗುವುದಿಲ್ಲ. ದೊಡ್ಡ ಸಂಸ್ಥೆಗಳು ಬಿಟ್ಟುಹೋಗುವ ಈ ಜಾಗವೇ ಗೆಳೆಯರ ಸಣ್ಣ ಗುಂಪಿಗೆ ತಕ್ಕದ್ದು.

ಸಂಸ್ಥೆ ಕಟ್ಟಹೊರಟವರಲ್ಲಿ ನನ್ನ ಕೋರಿಕೆ ಇಷ್ಟು: ಹತ್ತು ಹಳ್ಳಿ ಹಿಡಿಯಬೇಡಿ, ಒಂದೇ ಸಾಕು. ಹೊಸ ಪಂಪಿಗೆ ಚಂದಾ ಎತ್ತುವ ಮೊದಲು, ಕೆಟ್ಟು ನಿಂತದ್ದನ್ನು ಸರಿಮಾಡಬಲ್ಲ ಅಲ್ಲಿನ ಮೆಕ್ಯಾನಿಕ್‌ಗೆ ಹತ್ತು ವರ್ಷದ ಕೂಲಿ ತೆಗೆದಿಡಿ. ಹಣ ಯಾವುದಕ್ಕೆ ಎಂದು ತೀರ್ಮಾನಿಸುವ ಜಾಗದಲ್ಲಿ ಆ ಊರಿನ ಹೆಂಗಸರನ್ನು ಕೂರಿಸಿ.